ತಿಳಿ ಹಳದಿ ಪರದೆ

ಕೊಳ್ಳೇಗಾಲದ ಹೆಣ್ಣುಮಕ್ಕಳ ಟ್ರೈನಿಂಗ್ ಕಾಲೇಜಿನ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುತ್ತಿದ್ದ ಚಿಕ್ಕಬಸಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. ಸಾರಿಗೆ ಉಪ್ಪು ಸಾಲದು ಎಂದು ಯಾವಳಾದರೂ ಬಾಯಿ ಬಿಟ್ಟರೆ ಉಪ್ಪಿನ ಮರಿಗೆಯನ್ನೇ ತಂದು ಅವಳ ತಟ್ಟೆಯ ಪಕ್ಕ ಕುಕ್ಕುವಳು. ಹುಡುಗಿಯರಿಗೆ ತನ್ನ ಬಾಯಿಯೆಂದರೆ ಭಯ ಎಂದು ಅವಳು ತಿಳಿದಿದ್ದಳು. ನಿಜ ಹೇಳಬೇಕೆಂದರೆ ಅವರಿಗೆ ಅವಳ ಮುಖವೆಂದರೂ ಭಯವೇ. ಹಣೆಯಿಂದ ಕತ್ತಿನವರೆಗೆ ಸಿಡುಬಿನ ಗುಳಿಗಳು, ಒಂದು ಹುಬ್ಬು ಅರ್ಧಕ್ಕೆ ಅಳಿಸಿಹೋಗಿತ್ತು. ಹೊಸದಾಗಿ ಬಂದವರು ಅನ್ನ ಹಾಕಿಸಿಕೊಳ್ಳುವಾಗ ತಟ್ಟೆಯನ್ನೇ ನೋಡುತ್ತಿದ್ದರು.

ಅವಳ ತವರು ಹನೂರಿನ ಹತ್ತಿರದ ಒಂದು ಹಳ್ಳಿ. ಮದುವೆಯಾಗಿ ಗಂಡನ ಮನೆಗೆ ಬಂದ ಮರುವರ್ಷವೇ ಅಮ್ಮ ಬಂದಳು. ನಮ್ಮ ಕಡೆ ಸಿಡುಬನ್ನು ಸಿಡುಬು ಎಂದು ಯಾರೂ ಹೇಳುವುದಿಲ್ಲ, ಅಮ್ಮ ಎನ್ನುತ್ತಾರೆ. ದನದ ಕೊಟ್ಟಿಗೆಯ ಮೂಲೆಯಲ್ಲಿ ಬಾಳೆಲೆ ಹಾಸಿ ಮಲಗಿಸಿ, ಅರಿಶಿನದ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಅಡ್ಡ ಕಟ್ಟಿ, ಅದಕ್ಕೆ ಬೇವಿನ ಸೊಪ್ಪು ಸಿಕ್ಕಿಸಿ ಎಲ್ಲರೂ ದೂರವಾದರು. ಗಂಜಿಯ ಬಟ್ಟಲು ಪರದೆಯ ಕೆಳಗಿನಿಂದ ಒಳಗೆ ಜಾರಿ ಬರುತ್ತಿತ್ತು, ಕೊಟ್ಟವರ ಮುಖ ಕಾಣುತ್ತಿರಲಿಲ್ಲ. ಅಪ್ಪ ಊರಿನಿಂದ ನಡೆದು ಬಂದವನು ಅಂಗಳದಲ್ಲಿ ಎಳನೀರು ಇಟ್ಟು ಹಾಗೆಯೇ ಹಿಂತಿರುಗಿದ. ಅಮ್ಮ ಇರುವ ಮನೆಯಲ್ಲಿ 'ಹೋಗಿ ಬರ್ತೀನಿ' ಎನ್ನುವಂತಿಲ್ಲ. ಹಾಗೆಂದರೆ ಅಮ್ಮನೂ ಹೋಗಿ ಮತ್ತೆ ಬಂದಾಳೆಂಬ ಹೆದರಿಕೆ. ಆದ್ದರಿಂದ ಅಪ್ಪ ಒಂದು ಮಾತೂ ಆಡಲಿಲ್ಲ. ಅವನ ಕೆಮ್ಮು ಕೇಳಿ ಬಂದದ್ದು ಅಪ್ಪ ಎಂದು ಅವಳಿಗೆ ಗೊತ್ತಾಯಿತು, ಅಷ್ಟೆ. ಅವಳು ಬದುಕಿದಳು. ಮುಖ ನೋಡಿದ ಗಂಡ ಬೇರೆ ಹೆಣ್ಣು ತಂದ. ಮನೆಮನೆಯಲ್ಲಿ ಮುಸುರೆ ತಿಕ್ಕಿ, ಮದುವೆ ಮನೆಗಳಲ್ಲಿ ಅಡುಗೆ ಕಲಿತು, ಕೊನೆಗೆ ಈ ಹಾಸ್ಟೆಲ್ಲಿನ ಒಲೆಯ ಮುಂದೆ ಬಂದು ಕೂತಳು. ಅಡುಗೆಮನೆಯ ಪಕ್ಕದ ಗೂಡಿನಂಥ ಕೋಣೆಯೇ ಅವಳ ಮನೆಯಾಯಿತು.

ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿದ್ದರೂ ಆಗಿನ್ನೂ ಯಳಂದೂರು ಮೈಸೂರಿಗೆ, ಕೊಳ್ಳೇಗಾಲ ಮದ್ರಾಸಿಗೆ ಸೇರಿತ್ತು. ಆ ವರ್ಷ ಯಳಂದೂರಿನ ಕಡೆಯ ಮಾಂಬಳ್ಳಿಯಿಂದ ಶಿವರತ್ನಮ್ಮ ಎಂಬ ಹುಡುಗಿ ಬಂದಳು. ಬಂದ ಮೊದಲನೆಯ ದಿನವೇ ಚಿಕ್ಕಬಸಮ್ಮನ ಮುಖವನ್ನು ನೇರವಾಗಿ ನೋಡಿ, "ದೊಡ್ಡವ್ವ, ನಂಗೆ ಇನ್ನೊಂದು ಮುದ್ದೆ" ಎಂದಳು. ಅಷ್ಟಕ್ಕೇ ಮುದುಕಿ ಕರಗಿಹೋದಳು ಎಂದು ನಾನು ಹೇಳಿದರೆ ಅವಳು ಸೌಟು ಎತ್ತಿಕೊಂಡು ಬಂದಾಳು. ಆದರೆ ಅಂದಿನಿಂದ ರತ್ನಳ ತಟ್ಟೆಗೆ ಬೀಳುವ ತುಪ್ಪಕ್ಕೆ ಲೆಕ್ಕವಿರಲಿಲ್ಲ.

ರತ್ನಳ ತಂದೆ ಪುಟ್ಟಮಲ್ಲಪ್ಪ ಮಾಂಬಳ್ಳಿಯಲ್ಲಿ ಗದ್ದೆ ತೋಟ ಇದ್ದವನು. ಮಗಳನ್ನು ಮದ್ರಾಸು ಸೀಮೆಗೆ ಕಳಿಸಿದ್ದೇ ಅವನಿಗೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಅವನ ಅಕ್ಕ ಕುಂತೂರಿನಲ್ಲಿ ಗಂಡು ನೋಡಿ ಇಟ್ಟುಕೊಂಡು ದಿನಾ ಒಂದೇ ರಾಗ ಹಾಡುತ್ತಿದ್ದಳು. ಬಿಟ್ಟುಹೋಗುವ ದಿನ ಅವನು ಚಿಕ್ಕಬಸಮ್ಮನ ಎದುರಿಗೇ ಮಗಳಿಗೆ ಹೇಳಿದ್ದ. "ದೀವಳಿಗೆ ಕಳುದ್ಮೇಲೆ ಸಂತೆ ದಿನ ಬತ್ತೀನಿ. ನೀನಿರೋ ಜಾಗ ಮನೆ ಅಂಗೆ ಕಂಡ್ರೆ ಇರು. ಛತ್ರದ ಅಂಗೆ ಕಂಡ್ರೆ ಪೆಟ್ಟಿಗೆ ತಕಂಡು ಬಸ್ಸು ಅತ್ತು."

ಛತ್ರದ ಹಾಗೇ ಇತ್ತು ಆ ರೂಮು. ಹೊಗೆ ಹಿಡಿದ ಗೋಡೆ, ಒಂದೊಂದು ಬಣ್ಣದ ಎರಡು ಕಂಬಳಿ, ಕಿಟಕಿಗೆ ಹಳೇ ಗೋಣಿ. ಕಾಲೇಜಿನ ದೊಡ್ಡ ಮೇಡಂ ಮನೆಗೆ ಒಮ್ಮೆ ಹೂ ಕೊಡಲು ಹೋಗಿದ್ದ ರತ್ನ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಕಣ್ಣರಳಿಸಿ ಹೇಳಿದ್ದಳು.

"ಎಲ್ಲಾ ಒಂದೇ ಬಣ್ಣ ದೊಡ್ಡವ್ವ. ಗೋಡೆ, ಪರದೆ, ದಿಂಬು, ಎಲ್ಲಾ ಕೆನೆ ಬಣ್ಣ. ಒಳಕ್ಕೋದ್ರೆ ಕಣ್ಗೆ ತಂಪಾಯ್ತದೆ. ಗಾಢ ಬಣ್ಣ ಇದ್ರೆ ಓದೋಕೆ ಮನಸ್ಸು ನಿಲ್ಲಾಕಿಲ್ವಂತೆ."

"ಬಣ್ಣ ನೋಡ್ಕಂಡು ಓದೋಕಾಯ್ತದಾ? ಮೊದ್ಲು ಈ ಬೆಳ್ಳುಳ್ಳಿ ಬುಡಿಸು," ಎಂದು ಚಿಕ್ಕಬಸಮ್ಮ ಅವಳ ಮುಂದೆ ಮೊರ ನೂಕಿದ್ದಳು. ಆ ಮಾತು ಅಲ್ಲಿಗೇ ಮರೆತುಹೋಯಿತು. ಮರೆತದ್ದೇ ಎಡವಟ್ಟಾಯಿತು ನೋಡಿ.

ದೀಪಾವಳಿ ಕಳೆದ ಮೇಲಿನ ಸಂತೆಯ ಹಿಂದಿನ ದಿನ ಅರಿಶಿನದ ಡಬ್ಬ ಅರ್ಧ ಖಾಲಿಯಾಗಿತ್ತು. ಚಿಕ್ಕಬಸಮ್ಮ ವಾಚ್‌ಮನ್ ಹನುಮಯ್ಯನನ್ನು ಹಿಡಿದುಕೊಂಡು ಜಾಡಿಸಿದಳು. "ಅರ್ಸಿನ ಕದ್ದು ನಾನೇನು ಮಕಕ್ಕೆ ಬಳ್ಕಳ್ಳಾ?" ಎಂದು ಅವನೂ ರೇಗಿದ. ಸಂತೆಯ ದಿನ ಬೆಳಿಗ್ಗೆ ರತ್ನ ತಿಂಡಿಗೆ ಬರಲಿಲ್ಲ. ಬಾಗಿಲ ಸಂದಿನಿಂದ ಮುಖ ಮಾತ್ರ ತೋರಿಸಿ, "ಮೈಯೆಲ್ಲಾ ನೋವು ದೊಡ್ಡವ್ವ. ಒಂದು ಗಳಿಗೆ ಮಲಗ್ತೀನಿ, ಯಾರೂ ಬರಬ್ಯಾಡಿ" ಎಂದಳು. ಮುಖ ಕೆಂಪಗೆ ಬೆವೆತಿತ್ತು. ಜೊತೆಯ ಹುಡುಗಿ ಮದುವೆಗೆಂದು ಹನೂರಿಗೆ ಹೋಗಿದ್ದಳು, ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ. ದೊಡ್ಡ ಮೇಡಂ ಕೊಯಮತ್ತೂರಿಗೆ ಹೋಗಿದ್ದರು.

ಅನ್ನ ಬಸಿದಿಟ್ಟು, ಹುಡುಗಿ ಹಸಿದಿರುತ್ತಾಳೆಂದು ಚಿಕ್ಕಬಸಮ್ಮ ಆ ಕಡೆ ಹೋದಳು. ದೂರದಿಂದಲೇ ಕಂಡು ಅವಳು ನಿಂತಳು. ರತ್ನಳ ರೂಮಿನ ಬಾಗಿಲಿಗೆ ಹಳದಿ ಬಟ್ಟೆ ಅಡ್ಡ ಬಿದ್ದಿತ್ತು. ಇನ್ನೂ ಒಣಗಿರದ ಅದರ ಅಂಚಿನಿಂದ ಹೊಸ್ತಿಲಿಗೆ ಹಳದಿ ನೀರು ತೊಟ್ಟಿಕ್ಕುತ್ತಿತ್ತು. ಅದರ ವಾಸನೆ ಅವಳಿಗೆ ಗೊತ್ತು. ಕೊಟ್ಟಿಗೆಯಲ್ಲಿ ಎಷ್ಟು ದಿನ ಅದೇ ವಾಸನೆ ಕುಡಿದು ಮಲಗಿದ್ದಳೋ ಅವಳಿಗೇ ನೆನಪಿಲ್ಲ. ಪರದೆಯ ಅಂಚನ್ನು ಚೂರು ಸರಿಸಿ ನೋಡಿದಳು. ಕಿಟಕಿಗೂ ಹಳದಿ ಬಟ್ಟೆ, ಒಳಗೆಲ್ಲಾ ಮಬ್ಬು. ನೆಲದ ಮೇಲಿನ ಹಾಸಿಗೆಯಲ್ಲಿ ಹಳದಿ ಹೊದಿಕೆಯ ಕೆಳಗೆ ರತ್ನ ಗಾಢ ನಿದ್ದೆಯಲ್ಲಿದ್ದಳು. ಹೊರಗೆ ಚಾಚಿದ್ದ ಕೈ ಮೊಣಕೈವರೆಗೆ ಹಳದಿ. ಕತ್ತಿನ ಮೇಲೆ ಸಾಲಾಗಿ ಕೆಂಪು ಬೊಕ್ಕೆ.

ಮಗು ತನಗೆ ಬಂದದ್ದು ಏನೆಂದು ತಾನೇ ತಿಳಿದು, ಯಾರಿಗೂ ಹೇಳದೆ, ತಾನೇ ಪರದೆ ಕಟ್ಟಿಕೊಂಡು ಮಲಗಿದೆ ಎಂದುಕೊಂಡಳು ಚಿಕ್ಕಬಸಮ್ಮ. ಎಬ್ಬಿಸಿ ಕೇಳಬಹುದಿತ್ತಲ್ಲ ಎಂದು ನೀವು ಹೇಳುತ್ತೀರಿ. ಅಮ್ಮ ಆಡುತ್ತಿರುವ ಮೈಯನ್ನು ನಿದ್ದೆಯಿಂದ ಎಬ್ಬಿಸಬಾರದು, ಹೆಸರು ಹಿಡಿದು ಕೂಗಬಾರದು. ಅದು ಅವಳ ರಕ್ತದಲ್ಲಿತ್ತು. ನೆಲಕ್ಕೆ ಹಣೆ ಮುಟ್ಟಿಸಿ ಕೈ ಮುಗಿದು, ಹಿತ್ತಲಿಗೆ ಓಡಿ ಬೇವಿನ ಕೊಂಬೆ ಮುರಿದು ತಂದು ಬಾಗಿಲಿಗೆ ಸಿಕ್ಕಿಸಿದಳು. ಹೋಗಿ ಒಲೆಯ ಮೇಲಿದ್ದ ಒಗ್ಗರಣೆ ಸೌಟನ್ನು ಕೆಳಗಿಳಿಸಿದಳು. ಅಮ್ಮ ಇರುವ ಕಡೆ ಎಣ್ಣೆ ಚಟಪಟ ಎನ್ನಬಾರದು.

ಸುದ್ದಿ ಹಾಸ್ಟೆಲ್ಲಿನಲ್ಲೆಲ್ಲ ಹಬ್ಬಿತು. ಒಗ್ಗರಣೆಯಿಲ್ಲದ ಸಾರು ನೋಡಿಯೇ ಅರ್ಧದಷ್ಟು ಹುಡುಗಿಯರು ತಟ್ಟೆ ಬಿಟ್ಟೆದ್ದರು. ಕೆಲವರು ಅಳುತ್ತಾ ಪೆಟ್ಟಿಗೆ ಕಟ್ಟತೊಡಗಿದರು. ಹನುಮಯ್ಯ ಗೇಟಿನ ಆಚೆಗೆ ಹೋಗಿ ನಿಂತ. ಚಿಕ್ಕಬಸಮ್ಮ ಮಾತ್ರ ಎಳನೀರು ತರಿಸಿಟ್ಟುಕೊಂಡು ರತ್ನಳ ಬಾಗಿಲ ಪಕ್ಕದಲ್ಲೇ ಕೂತಳು. ಎದ್ದಾಗ ಕುಡಿಸಬೇಕು, ಪಕ್ಕದಲ್ಲೇ ಇರಬೇಕು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಬಂದೇ ಬಿಟ್ಟ ಪುಟ್ಟಮಲ್ಲಪ್ಪ. ಬಿಳೀ ಪಂಚೆ, ಕಂಕುಳಲ್ಲಿ ಕೊಡೆ, ಕೈಯಲ್ಲಿ ರಸಬಾಳೆ ಗೊನೆ. ಮೊಗಸಾಲೆಯ ತಿರುವಿನಲ್ಲಿ ಹಳದಿ ಪರದೆಯನ್ನೂ ಬೇವನ್ನೂ ನೋಡಿದವನು ಅಲ್ಲೇ ನಿಂತ. ಗೊನೆ ಕೈಯಿಂದ ಜಾರಿ ಬಿದ್ದು ಹಣ್ಣುಗಳು ನೆಲದ ಮೇಲೆ ಚೆಲ್ಲಿದವು.

"ಅದು ಯಾರ ರೂಮಮ್ಮ?"

ಚಿಕ್ಕಬಸಮ್ಮ ಎದ್ದು ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು. "ಯಜಮಾನ್ರೆ, ಅಲ್ಲೇ ಇರಿ. ಅಮ್ಮ ಬಂದವ್ಳೆ. ದಾರೀಲಿ ಬಂದ ಕಾಲು, ಮೆಟ್ಟು ಬೇರೆ. ಒಳಕ್ಕೆ ಬರಬ್ಯಾಡಿ."

"ನನ್ ಮಗಳು ಕಣಮ್ಮ. ದಾರಿ ಬುಡು."

"ಅಮ್ಮ ಮುನೀತಾಳೆ, ಬ್ಯಾಡಿ."

"ಮುನ್ಕಳ್ಳಿ."

ಆ ಒಂದು ಮಾತಿಗೆ ಅವಳು ಬೆಚ್ಚಿಬಿದ್ದಳು. ಹುಟ್ಟಿದಾಗಿನಿಂದ ಅಮ್ಮನ ವಿಷಯದಲ್ಲಿ ಅಂಥ ಮಾತು ಆಡಿದವರನ್ನು ಅವಳು ಕಂಡಿರಲಿಲ್ಲ. ಪುಟ್ಟಮಲ್ಲಪ್ಪ ಅವಳ ಕೈಯನ್ನು ಬದಿಗೆ ಸರಿಸಿ, ಮೆಟ್ಟಿನ ಕಾಲಿನಲ್ಲೇ ಪರದೆ ಎತ್ತಿ ಒಳಗೆ ನುಗ್ಗಿದ. ಬೇವಿನ ಕೊಂಬೆ ಕಿತ್ತುಕೊಂಡು ನೆಲಕ್ಕೆ ಬಿತ್ತು. ಚಿಕ್ಕಬಸಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಿಂತುಬಿಟ್ಟಳು. ಪರದೆ ಎತ್ತಬಹುದು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಅಂಗಳದಿಂದಲೇ ಹಿಂತಿರುಗಿದ ಅಪ್ಪನನ್ನು ಇಷ್ಟು ವರ್ಷ ಅವಳು ಬೈದುಕೊಂಡಿರಲಿಲ್ಲ. ಲೋಕದಲ್ಲಿ ಹಾಗೆಯೇ ನಡೆಯುವುದು ಎಂದುಕೊಂಡಿದ್ದಳು. ಈಗ ಎದೆಯೊಳಗೆ ಏನೋ ಕಿತ್ತುಬಂದಂತೆ ನೋವಾಯಿತು.

ಒಳಗೆ ಅವನು ಮಂಡಿಯೂರಿ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ರತ್ನ ಕಣ್ಣು ಬಿಟ್ಟಳು, ಗಾಬರಿಯಾದಳು, ಆಮೇಲೆ ನಕ್ಕಳು.

"ಅಪ್ಪ, ಯಾವಾಗ ಬಂದ್ರಿ? ರೂಮು ಎಂಗದೆ?"

ಪುಟ್ಟಮಲ್ಲಪ್ಪ ಅವಳ ಹಣೆ ಮುಟ್ಟಿ ನೋಡಿದ, ತಣ್ಣಗಿತ್ತು. ಕತ್ತಿನ ಬೊಕ್ಕೆ ತೋರಿಸಿ, "ಇದೇನವ್ವ?" ಎಂದ.

"ತಿಗಣೆ ಅಪ್ಪ. ಗೋಡೆಗೆ ಬಳಿಯೋಕೆ ಅಂತ ಮಂಚ ಎಳ್ದೆ, ಎಲ್ಲಾ ನನ್ ಮೇಲೇ ಬಂದ್ವು."

ಆಗ ಚಿಕ್ಕಬಸಮ್ಮನ ಕಣ್ಣು ತೆರೆಯಿತು. ಗೋಡೆಗೆ ಸುಣ್ಣದ ಜೊತೆ ಚೂರು ಹಳದಿ ಮಣ್ಣು ಕಲಸಿ ಬಳಿದಿತ್ತು. ಊರಿನಿಂದ ತಂದಿದ್ದ ಅಪ್ಪನ ಹಳೇ ಪಂಚೆಗಳನ್ನು ರತ್ನ ತೆಳ್ಳನೆಯ ಅರಿಶಿನದ ನೀರಿನಲ್ಲಿ ಅದ್ದಿ ಪರದೆ, ದಿಂಬಿನ ಚೀಲ, ಹೊದಿಕೆ ಮಾಡಿದ್ದಳು. ಮೇಜಿನ ಮೇಲೆ ಕಂಚಿನ ಚೊಂಬು, ಅದರ ತುಂಬ ತಿಳಿ ಹಳದಿ ಸೇವಂತಿಗೆ. ಯಾವುದೂ ಕಣ್ಣಿಗೆ ಹೊಡೆಯುತ್ತಿರಲಿಲ್ಲ. ರೂಮು ಬೆಳಗಿನ ಎಳೆಬಿಸಿಲು ಬಿದ್ದ ಪಡಸಾಲೆಯ ಹಾಗಿತ್ತು. ತನ್ನ ಅರಿಶಿನವೂ ಎಲ್ಲಿಗೆ ಹೋಯಿತೆಂದು ಅವಳಿಗೆ ಆಗ ತಿಳಿಯಿತು.

ಬೇವು ಕಟ್ಟಿದ್ದೇಕೆಂದು ಗೊತ್ತಾದಾಗ ರತ್ನಳ ಮುಖ ಬಿಳಿಚಿಕೊಂಡಿತು. "ನೀವು ಬಂದಾಗ ಮನೆ ಅಂಗೆ ಕಾಣಲಿ ಅಂತ ಮಾಡ್ದೆ," ಎಂದಳು, ಅಷ್ಟೇ.

ಪುಟ್ಟಮಲ್ಲಪ್ಪ ಎದ್ದು ನಿಂತ. ಭಯ ಇಳಿದ ಮೇಲೆ ಗಂಡಸರಿಗೆ ಬರುವ ಕೋಪ ಅವನಿಗೂ ಬಂದಿತ್ತು. "ಪೆಟ್ಟಿಗೆ ಕಟ್ಟು. ಇವತ್ತು ಸುಳ್ಳಾಯ್ತು. ನಾಳೆ ದಿಟವಾಗಿ ಕಾಯ್ಲೆ ಬಿದ್ರೆ ಈ ಊರಲ್ಲಿ ನಿನ್ನ ಮುಟ್ಟೋರು ಯಾರು?"

ರತ್ನ ಪೆಟ್ಟಿಗೆಯ ಕಡೆ ತಿರುಗಿದಳು. ಚಿಕ್ಕಬಸಮ್ಮ ಹೊಸ್ತಿಲು ದಾಟಿ ಒಳಗೆ ಬಂದಳು. ಮುಖವನ್ನು ಬೆಳಕಿಗೆ ಎತ್ತಿ ಅವನ ಮುಂದೆ ನಿಂತಳು.

"ತಪ್ಪು ನಂದು, ಮಗೀದಲ್ಲ. ನನ್ ಮಕ ನೋಡಿ ಯಜಮಾನ್ರೆ. ನಾನು ಕೊಟ್ಟಿಗೇಲಿ ಬಿದ್ದಿದ್ದಾಗ ನನ್ ಪರದೆ ಯಾರೂ ಎತ್ಲಿಲ್ಲ, ನಮ್ಮಪ್ಪನೂ ಎತ್ಲಿಲ್ಲ. ಒಂದ್ಸಲ ಬಂದೋರಿಗೆ ಅಮ್ಮ ಮತ್ತೆ ಬರಾಕಿಲ್ಲ. ಈ ಮಗೀಗೆ ದಿಟವಾಗಿ ಬಂದ್ರೂ ನಾನು ಒಳಗೇ ಇರ್ತೀನಿ. ಮುಟ್ಟೋರು ಯಾರು ಅಂದ್ರಲ್ಲ, ನಾನು ಮುಟ್ತೀನಿ."

ಅವನು ಅವಳ ಮುಖವನ್ನು ನೋಡಿದ. ಬಾಗಿಲ ಪಕ್ಕದ ಎಳನೀರನ್ನೂ ನೋಡಿದ. ಆಮೇಲೆ ತನ್ನ ಕಾಲಿನ ಮೆಟ್ಟು ಆಗ ತಾನೇ ಕಂಡವನ ಹಾಗೆ ಅದನ್ನು ಬಿಚ್ಚಿ ಹೊರಗಿಟ್ಟು ಬಂದು ಮಗಳ ಹಾಸಿಗೆಯ ಮೇಲೆ ಕೂತ. ದಿಂಬಿನ ಚೀಲವನ್ನು ಕೈಯಿಂದ ಸವರಿದ. ತನ್ನದೇ ಪಂಚೆಯ ಅಂಚು ಗುರುತು ಸಿಕ್ಕಿತೋ ಏನೋ.

"ಊಟಕ್ಕೇನದೆ ತಾಯಿ?" ಎಂದ.

ಒಗ್ಗರಣೆಯಿಲ್ಲದ ಸಾರಿನಲ್ಲಿ ಎರಡು ಮುದ್ದೆ ಉಂಡ. ಕೊಡೆ ಕಂಕುಳಿಗೆ ಸಿಕ್ಕಿಸಿ ಹೊರಟವನು ಮೊಗಸಾಲೆಯ ತಿರುವಿನಲ್ಲಿ ನಿಂತು, ಇಡೀ ಹಾಸ್ಟೆಲ್ಲಿಗೆ ಕೇಳುವಂತೆ ಹೇಳಿದ. "ಓಗ್ಬುಟ್ಟು ಬತ್ತೀನಿ ಕಣವ್ವ ರತ್ನ. ಓಗ್ಬುಟ್ಟು ಬತ್ತೀನಿ ತಾಯಿ."

ಪೆಟ್ಟಿಗೆ ಇದ್ದಲ್ಲೇ ಉಳಿಯಿತು. ರತ್ನ ಮಾತ್ರ ನಾಚಿಕೆಯಿಂದ ಬಾಗಿಲ ಪರದೆಯನ್ನು ಬಿಚ್ಚತೊಡಗಿದಳು. ಚಿಕ್ಕಬಸಮ್ಮ ತಡೆದಳು. "ಕಟ್ಟಿದ್ದು ಇರ್ಲಿ ಬುಡು. ಮಿಕ್ಕಿದ್ ಬಟ್ಟೆ ಇದ್ರೆ ನಂಗೊಂದು ತುಂಡು ಕೊಡು," ಎಂದಳು. ಹುಡುಗಿ ಒಳಗೆ ಹೋಗಿ ಒಂದು ತುಂಡು ತಂದುಕೊಟ್ಟಳು. ಸಂಜೆಯ ಸಾರಿಗೆ ಒಗ್ಗರಣೆ ಎಷ್ಟು ಜೋರಾಗಿ ಬಿತ್ತೆಂದರೆ ಗೇಟಿನಲ್ಲಿದ್ದ ಹನುಮಯ್ಯ ಕೆಮ್ಮಿದ.

ಬಟ್ಟೆಯನ್ನು ಅವಳು ತನ್ನ ಕೋಣೆಯ ಬಾಗಿಲಿಗೆ ತಾನೇ ಕಟ್ಟಿದಳು. ಬೆಳಿಗ್ಗೆ ಎಚ್ಚರವಾದಾಗ ಕಣ್ಣೆದುರಿಗೆ ಆ ಹಳದಿ ಕಂಡು ಒಂದು ಕ್ಷಣ ಅವಳಿಗೆ ತಾನು ಕೊಟ್ಟಿಗೆಯಲ್ಲೇ ಇದ್ದೇನೆ ಎನ್ನಿಸಿ ಜೀವ ಬಾಯಿಗೆ ಬಂತು. ಹೊರಗೆ ಹೆಜ್ಜೆಯ ಸಪ್ಪಳ ಕೇಳಿತು. ಅಭ್ಯಾಸದಂತೆ ಅವಳ ಕಣ್ಣು ಪರದೆಯ ಕೆಳಗಿನ ಸಂದಿಗೆ ಹೋಯಿತು.

"ದೊಡ್ಡವ್ವ, ಒಲೆ ಹಚ್ಚಿಲ್ವ ಇನ್ನೂ?" ಎನ್ನುತ್ತಾ ರತ್ನ ಪರದೆ ಎತ್ತಿ ಒಳಗೆ ಬಂದು, ಅವಳ ಹಾಸಿಗೆಯ ಮೇಲೆಯೇ ಕೂತಳು.