ಮಾಮ ನೆಟ್ಟಗೆ ನಿಲ್ಲುವಂಥ ಡೇರೆ

ನಮ್ಮ ಯುವಕ ಸಂಘದವರೆಲ್ಲ ಮಾಮ ಎಂದು ಕರೆಯುವವರು ನಮ್ಮಲ್ಲಿ ಯಾರಿಗೂ ಸ್ವಂತ ಮಾಮ ಅಲ್ಲ. ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಹಳ್ಳಿಯಿಂದ ಬಂದ ಹೊಸತರಲ್ಲಿ ನನ್ನನ್ನು ಮಾತಾಡಿಸುವವರೇ ಇರಲಿಲ್ಲ. ಆಗ ಮಾಮ ಇನ್ನೂ ಕೆಲಸದಲ್ಲಿದ್ದರು, ಅವರ ಬಸ್ಸಿನ ಹಿಂದಿನ ಸೀಟಿನಲ್ಲಿ ಮುಖ ಸಣ್ಣದು ಮಾಡಿಕೊಂಡು ಕೂರುತ್ತಿದ್ದೆ. ಒಂದು ದಿನ ಟಿಕೆಟ್ ಹರಿಯುತ್ತಾ ಅವರೇ ಕರೆದರು:

"ಭಾನುವಾರ ನಮ್ಮ ಹುಡುಗ್ರು ಬೆಟ್ಟಕ್ಕೆ ಹೊರಟಿದಾರೆ, ನೀನೂ ಬಾ. ಇಲ್ಲಿ ಕೂತು ಅತ್ತರೆ ಸೀಟು ಒದ್ದೆಯಾಗುತ್ತೆ."

ನನ್ನ ಇವತ್ತಿನ ಗೆಳೆಯರೆಲ್ಲ ಸಿಕ್ಕಿದ್ದು ಆ ಬೆಟ್ಟದ ಮೇಲೆ. ಅದಕ್ಕಾಗಿ ಮಾಮನಿಗೆ ಏನು ಕೊಟ್ಟರೂ ಕಡಿಮೆಯೇ.

ಡೇರೆ ಆರಿಸಲು ಅವರದೇ ಒಂದು ಪದ್ಧತಿ ಇದೆ. ಅಂಗಡಿಯವನು ಹೇಳುವ ಅಳತೆಯನ್ನು ನಂಬುವುದಿಲ್ಲ. ಅಲ್ಲೇ ಡೇರೆ ಬಿಚ್ಚಿಸಿ, ಅದರಲ್ಲಿ ಮಲಗುವವರನ್ನೆಲ್ಲ ಚೀಲಗಳ ಸಮೇತ ಒಳಗೆ ಹತ್ತಿಸುತ್ತಾರೆ. ಕೊನೆಗೆ ತಾವೂ ನುಗ್ಗುತ್ತಾರೆ.

ಈ ವರ್ಷ ಕೆರೆ ದಡದ ಶಿಬಿರಕ್ಕೆಂದು ಅಂಗಡಿಗೆ ಹೋದಾಗಲೂ ಅದೇ ಗಲಾಟೆ. "ಮುಂದೆ ಹೋಗಿ, ಮುಂದೆ ಜಾಗ ಇದೆ! ಏ ಲಂಬೂ, ಕಾಲು ಮಡಿಸೋ!" ನಮ್ಮಲ್ಲಿ ಎಲ್ಲರಿಗಿಂತ ಉದ್ದನೆಯವನು ಲಂಬೂ. ಅವನು ಮುದುಡಿಕೊಂಡ. ಮಾಮ ಮೊಣಕಾಲೂರಿ ಒಳಗೆ ಬಂದರು. ಬಂದವರು ಏಳಲಾಗದೆ ಅಲ್ಲೇ ಉಳಿದುಬಿಟ್ಟರು. ನಾವು ನಗುತ್ತಿದ್ದೆವು. ಅವರ ಮುಖ ನೋಡಿದ ಮೇಲೆ ನಗು ಅಡಗಿತು.

ಈಚೆಗೆ ಅವರ ಮೊಣಕಾಲಿಗೆ ಆಪರೇಷನ್ ಆಗಿತ್ತು, ನಡೆಯುವುದನ್ನು ನೋಡಿ ಎಲ್ಲ ಸರಿಹೋಗಿದೆ ಅಂದುಕೊಂಡಿದ್ದೆವು. ಲಂಬೂ, ನಾನು ಇಬ್ಬರೂ ಸೇರಿ ಎತ್ತಿ ಹೊರಗೆ ತಂದೆವು.

"ಇದನ್ನೇ ತಗೊಳ್ಳಿ. ಹಗುರಾಗಿದೆ," ಎಂದು ಮಾಮ ಪ್ಯಾಂಟಿನ ಧೂಳು ಕೊಡವಿದರು. "ನಾನು ಬರಲ್ಲ. ಮನೇಲಿ ನಿಮ್ಮತ್ತೆ ಒಬ್ಬಳೇ ಆಗ್ತಾಳೆ."

"ಅತ್ತೆ ನಿನ್ನೇನೇ ಫೋನ್ ಮಾಡಿದ್ರು," ಎಂದ ಲಂಬೂ. "ನಾಲ್ಕು ದಿನ ಇವರನ್ನ ಎಲ್ಲಾದರೂ ಕರಕೊಂಡು ಹೋಗಿ, ಅಡುಗೆಮನೇಲಿ ನಿಂತು ತಲೆ ತಿಂತಾರೆ ಅಂದ್ರು."

ಮಾಮ ನಗಲಿಲ್ಲ. ಬೀದಿಯ ಕಡೆ ಮುಖ ಮಾಡಿ ನಿಂತರು. ಅವರಿಲ್ಲದ ಶಿಬಿರವನ್ನು ನಾನು ಈವರೆಗೆ ನೋಡಿಲ್ಲ, ನೋಡುವ ಆಸೆಯೂ ಇಲ್ಲ.

"ಬಗ್ಗದೆ ಒಳಗೆ ಹೋಗೋ ಡೇರೆ ಇದೆಯಾ?" ಎಂದು ಅಂಗಡಿಯವನನ್ನು ಕೇಳಿದೆ.

ಅವನು ಅಟ್ಟದಿಂದ ದಪ್ಪ ಕ್ಯಾನ್ವಾಸಿನ ಕಟ್ಟೊಂದನ್ನು ಉರುಳಿಸಿದ. "ಭಾರ ಅಂತ ಇದನ್ನ ಯಾರೂ ಕೇಳೋದೇ ಇಲ್ಲ." ಹಿತ್ತಲಲ್ಲಿ ಅದನ್ನು ನಿಲ್ಲಿಸುವಷ್ಟರಲ್ಲಿ ನಮ್ಮ ಬೆವರಿಳಿಯಿತು. ಜೊತೆಗೆ ಒಂದು ಮಡಚುವ ಮಂಚವನ್ನೂ ತೆಗೆಸಿದೆ.

"ಮಂಚ ಯಾಕೋ? ನಾನೇನು ಬಾಣಂತಿನಾ?" ಮಾಮನಿಗೆ ರೇಗಿತು. "ಈ ಆನೇನ ಹೊರೋರು ಯಾರು? ನನಗೋಸ್ಕರ ಬೆನ್ನು ಮುರ್ಕೋತೀರಾ?"

"ನಿಮಗೋಸ್ಕರ ಅಂತ ಯಾರು ಹೇಳಿದ್ರು? ಪ್ರತಿ ವರ್ಷ ಡೇರೇಲಿ ಕಾಲು ಮಡಿಸಿ ಮಲಗಿ ನಾನು ಕುಳ್ಳ ಆಗ್ತಿದೀನಿ," ಎಂದ ಲಂಬೂ. "ಡೇರೆ ಬಟ್ಟೆ ನಾನು ಹೊರ್ತೀನಿ. ಕಂಬ ಇವನು. ಮಿಕ್ಕಿದ್ದು ಮಿಕ್ಕೋರು."

ಮಾಮ ತಲೆ ತಗ್ಗಿಸದೆ ಒಳಗೆ ನಡೆದರು. ನಡುವೆ ನಿಂತು ಮೇಲೆ ನೋಡಿದರು. ಬಹಳ ಹೊತ್ತು ಹೊರಗೆ ಬರಲಿಲ್ಲ, ನಾವೂ ಕರೆಯಲಿಲ್ಲ. ಬಂದಾಗ ನಮ್ಮನ್ನು ಬಿಟ್ಟು ಅಂಗಡಿಯವನ ಕಡೆ ತಿರುಗಿದರು.

"ಗೂಟದ ಚೀಲ ನನ್ನದು. ಇವರು ಯಾರೂ ಮುಟ್ಟಬಾರದು. ಒಂದು ಒಳ್ಳೆ ಸುತ್ತಿಗೆ ತೋರಿಸಪ್ಪ, ಕೈಗೆ ಕೂರಬೇಕು."