ನಮ್ಮ ಮನೆ ಕಾಣೆಯಾದ ದಿನ

ನಾನು ಚಿಕ್ಕವನಿದ್ದಾಗ ಒಂದು ದಿನ ನಮ್ಮ ಮನೆ ಕಾಣೆಯಾಯಿತು. ಮನೆಯೊಳಗಿನ ಸಾಮಾನಲ್ಲ ಮಕ್ಕಳೇ, ಮನೆಯೇ! ಬೆಳಿಗ್ಗೆ ಬೀಗ ಹಾಕಿಕೊಂಡು ಹೋಗಿದ್ದೆವು. ಸಂಜೆ ಬಂದು ನೋಡಿದರೆ ಇಲ್ಲ. ಇದನ್ನು ಹೇಳಿದಾಗಲೆಲ್ಲ ನೀವಿಬ್ಬರೂ ನಗುತ್ತೀರಿ. ಸಿಡ್ನಿಯ ಟೂಂಗಾಬಿಯ ಮೊಮ್ಮಗಳು "ದಟ್ಸ್ ನಾಟ್ ಪಾಸಿಬಲ್, ತಾತ" ಎನ್ನುತ್ತಾಳೆ. ಮೆಲ್ಬರ್ನಿನ ಬಾಕ್ಸ್ ಹಿಲ್‌ನಿಂದ ರಜೆಗೆ ಬರುವ ಮೊಮ್ಮಗನಂತೂ ಟೀವಿಯಿಂದ ಕಣ್ಣು ತೆಗೆಯದೆ "ಯು ಆರ್ ಮೇಕಿಂಗ್ ಇಟ್ ಅಪ್" ಎಂದುಬಿಡುತ್ತಾನೆ. ಅದಕ್ಕೇ ಬರೆದಿಡುತ್ತಿದ್ದೇನೆ. ಪೂರ್ತಿ ಓದಿ, ಆಮೇಲೆ ಬೇಕಾದರೆ ನಗಿ.

ಆಗ ನನಗೆ ಒಂಬತ್ತು ವರ್ಷ. ಅಪ್ಪ ಮಂಡ್ಯದ ಕಡೆ ಸಕ್ಕರೆ ಕಾರ್ಖಾನೆಯ ಕೆಲಸ ಕಲಿತವರು. ಕಬ್ಬಿನ ಹಾಲಿನಲ್ಲಿ ಸಕ್ಕರೆ ಎಷ್ಟಿದೆ ಎಂದು ಪರೀಕ್ಷಿಸುವುದು ಅವರ ಕೆಲಸ. ಜಾವಾ ದ್ವೀಪದ ಒಂದು ಕಾರ್ಖಾನೆ ಅವರನ್ನು ಮೂರು ವರ್ಷಕ್ಕೆ ಕರೆಸಿಕೊಂಡಿತ್ತು. ಹೋದ ವರ್ಷ ನೀವು ಬಾಲಿಗೆ ಹೋಗಿ ಬಂದಿರಲ್ಲ, ಅದರ ಪಕ್ಕದ ದೊಡ್ಡ ದ್ವೀಪವೇ ಜಾವಾ. ಕಾರ್ಖಾನೆಯ ಕ್ವಾರ್ಟರ್ಸ್ ಖಾಲಿ ಇರಲಿಲ್ಲ. ಹಾಗಾಗಿ ಅಪ್ಪ, ಅಮ್ಮ, ಅಕ್ಕ ಮತ್ತು ನಾನು ಎರಡು ಮೈಲಿ ಆಚೆಯ ಹಳ್ಳಿಯಲ್ಲಿ, ಹೊಳೆಯ ದಂಡೆಯ ಮೇಲೆ, ಒಂದು ಬಿದಿರಿನ ಮನೆಯನ್ನು ಬಾಡಿಗೆಗೆ ಹಿಡಿದಿದ್ದೆವು.

ಎಂಥ ಚೆಂದದ ಹಳ್ಳಿ ಅದು! ಮೆಟ್ಟಿಲು ಮೆಟ್ಟಿಲಾಗಿ ಇಳಿದ ಭತ್ತದ ಗದ್ದೆಗಳು, ಪ್ರತಿ ಗದ್ದೆಯಲ್ಲೂ ಒಂದು ತುಂಡು ಆಕಾಶ. ಗಾಳಿ ಕಾರ್ಖಾನೆಯ ಕಡೆಯಿಂದ ಬೀಸಿದರೆ ಊರಿಗೆಲ್ಲ ಬೆಲ್ಲ ಕಾಯಿಸಿದ ವಾಸನೆ. ಬೆಳಗಾಗುತ್ತಲೇ ಪ್ರತಿ ಅಂಗಳದಿಂದಲೂ ಕಡ್ಡಿಪೊರಕೆಯ ಪರಪರ ಸದ್ದು. ಮನೆಗಳ ಮುಂದೆ ದಾರಿಹೋಕರಿಗೆಂದೇ ಒಂದು ಮಣ್ಣಿನ ಹೂಜಿಯಲ್ಲಿ ನೀರು ಇಟ್ಟಿರುತ್ತಿದ್ದರು. ಯಾರೂ ಕೇಳಬೇಕಾಗಿಲ್ಲ, ಬಗ್ಗಿಸಿ ಕುಡಿದು ಮುಂದೆ ಹೋಗುವುದು. ಆಡಿ ಬಾಯಾರಿದಾಗ ನಾನು ಕುಡಿಯದ ಹೂಜಿ ಆ ಊರಿನಲ್ಲಿ ಒಂದೂ ಇರಲಿಕ್ಕಿಲ್ಲ.

ಈಗ ನಮ್ಮ ಮನೆಯನ್ನು ಸರಿಯಾಗಿ ಮನಸ್ಸಿಗೆ ತಂದುಕೊಳ್ಳಿ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆರು ಮರದ ಕಂಬಗಳು. ಅವನ್ನು ನೆಲದಲ್ಲಿ ಹೂತಿರಲಿಲ್ಲ, ಆರು ಚಪ್ಪಟೆ ಕಲ್ಲುಗಳ ಮೇಲೆ ಸುಮ್ಮನೆ ನಿಲ್ಲಿಸಿದ್ದರು. ಸುತ್ತ ಬಿದಿರು ಹೆಣೆದ ತಟ್ಟಿಯ ಗೋಡೆ, ಮೇಲೆ ಹುಲ್ಲಿನ ಮಾಡು, ಕೆಳಗೆ ಬಡಿದು ಗಟ್ಟಿಮಾಡಿದ ಮಣ್ಣಿನ ನೆಲ. ಗೋಡೆಯ ಸಂದಿಯಿಂದ ಬೆಳಕು ಎಳೆ ಎಳೆಯಾಗಿ ಒಳಗೆ ಬರುತ್ತಿತ್ತು. ಜೋರಾಗಿ ಸೀನಿದರೆ ಪಕ್ಕದ ಮನೆಯ ಅಜ್ಜಿ ಅಲ್ಲಿಂದಲೇ ಹರಸುತ್ತಿದ್ದರು.

ಅಂಥ ಮನೆಗೆ ಅಪ್ಪ ಊರಿನಿಂದ ತಂದ ಹಿತ್ತಾಳೆಯ ಬೀಗ ಹಾಕುತ್ತಿದ್ದರು. ನನ್ನ ಅಂಗೈಗಿಂತ ದೊಡ್ಡ ಬೀಗ! ಊರಿನಲ್ಲಿ ಮತ್ತೆ ಯಾರ ಮನೆಗೂ ಬೀಗವಿರಲಿಲ್ಲ. ಹೊರಗೆ ಹೋಗುವಾಗ ಬಾಗಿಲನ್ನು ಎಳೆದುಕೊಂಡು ಹೋಗುತ್ತಿದ್ದರು, ಅಷ್ಟೆ. ಹಾಗೆಂದು ಅವರೇನು ಬೆಪ್ಪರಲ್ಲ. ಅವರ ಕಾವಲೇ ಬೇರೆ ಥರ. ಪ್ರತಿ ಮನೆಯ ಗೋಡೆಗೂ ಒಂದು ಬಿದಿರಿನ ಪುಟ್ಟ ಕೊಳವೆ ತೂಗುತ್ತಿತ್ತು. ಮನೆಯವರು ಅದರಲ್ಲಿ ದಿನಾ ಒಂದು ಹಿಡಿ ಅಕ್ಕಿ ಹಾಕಿಡಬೇಕು. ಸರದಿಯ ಮೇಲೆ ಊರು ಸುತ್ತುವ ಕಾವಲಿನವರು ಅದನ್ನು ಒಟ್ಟುಗೂಡಿಸಿ ಊರಿನ ಕಷ್ಟಕಾಲಕ್ಕೆಂದು ಇಡುತ್ತಿದ್ದರು. ಊರ ಮಧ್ಯದಲ್ಲಿ ಟೊಳ್ಳು ಮಾಡಿದ ಒಂದು ಮರದ ತುಂಡು ನೇತಾಡುತ್ತಿತ್ತು. ಅದನ್ನು ಕೋಲಿನಿಂದ ಬಡಿದರೆ ಗದ್ದೆಯಲ್ಲಿದ್ದವರಿಗೂ ಕೇಳಿಸುತ್ತಿತ್ತು. ಇನ್ನು 'ಮಾಲಿಂಗ್' ಎಂಬ ಮಾತು. ಅವರ ಭಾಷೆಯಲ್ಲಿ ಹಾಗೆಂದರೆ ಕಳ್ಳ. ಅದು ಕಿವಿಗೆ ಬಿದ್ದರೆ ಊಟದ ಮುಂದೆ ಕೂತವರೂ ಎದ್ದು ಓಡಿಬರಬೇಕು. ಆ ಮಾತನ್ನು ಆಟಕ್ಕೂ ಕೂಗಬಾರದೆಂದು ಪಕ್ಕದ ಮನೆಯ ಅಜ್ಜಿ ನನಗೆ ಕಿವಿ ಹಿಂಡಿ ಹೇಳಿದ್ದರು.

ನಮ್ಮ ಮನೆಗೆ ಮಾತ್ರ ಬಿದಿರ ಕೊಳವೆ ಇರಲಿಲ್ಲ. ಒಮ್ಮೆ ಊರಿನ ಮುಖ್ಯಸ್ಥರೇ ಒಂದನ್ನು ತಂದುಕೊಟ್ಟಿದ್ದರು. ಅಪ್ಪ ಅದನ್ನು ಅಟ್ಟಕ್ಕೆ ಸಿಕ್ಕಿಸಿ, "ಬೀಗ ಇದೆಯಲ್ಲ, ನಮಗ್ಯಾಕೆ ಇವೆಲ್ಲ? ಗುರುತಿಲ್ಲದ ಊರು, ನಮ್ಮ ಹುಷಾರಲ್ಲಿ ನಾವಿರಬೇಕು" ಎಂದಿದ್ದರು. ಅಪ್ಪ ಕೆಟ್ಟವರಲ್ಲ. ಹೊಸ ಜಾಗದಲ್ಲಿ ಸ್ವಲ್ಪ ಬಿಗಿಯಾಗಿರುತ್ತಿದ್ದರು, ಅಷ್ಟೆ.

ಆ ವರ್ಷ ಅಕ್ಕನಿಗೆ ಮೈಸೂರಿನಲ್ಲಿ ಡಾಕ್ಟರ್ ಓದಲು ಸೀಟು ಸಿಕ್ಕಿತ್ತು. ಹಡಗು ಹೊರಡಲು ಎಂಟೇ ದಿನ ಬಾಕಿ. ಪಾಸ್‌ಪೋರ್ಟು, ಹಡಗಿನ ಟಿಕೆಟ್ಟು, ಪರೀಕ್ಷೆಯ ಸರ್ಟಿಫಿಕೇಟು ಎಲ್ಲವನ್ನೂ ಅಕ್ಕ ಒಂದು ಕಬ್ಬಿಣದ ಟ್ರಂಕಿನಲ್ಲಿಟ್ಟು ಮಂಚದ ಕೆಳಗೆ ತಳ್ಳಿದ್ದಳು. ದಿನಕ್ಕೆ ಹತ್ತು ಸಲ ಬಗ್ಗಿ ಅದು ಅಲ್ಲೇ ಇದೆಯೇ ಎಂದು ನೋಡುತ್ತಿದ್ದಳು. ಒಂದೊಂದು ಕಾಗದಕ್ಕೂ ತಿಂಗಳುಗಟ್ಟಲೆ ಕಾದಿದ್ದೆವು. ಆ ಟ್ರಂಕು ಹೋಯಿತೆಂದರೆ ಅಕ್ಕನ ಓದೂ ಹೋದಂತೆ.

ಆ ದಿನ ಅವಳಿಗೆ ಚಪ್ಪಲಿ, ಉಣ್ಣೆಯ ಶಾಲು ಕೊಳ್ಳಲು ನಾಲ್ವರೂ ಪಟ್ಟಣಕ್ಕೆ ಹೊರಟೆವು. ಮೋಡ ಕವಿದಿತ್ತು. ಬೆಟ್ಟದ ಕಡೆ ರಾತ್ರಿಯಿಡೀ ಮಳೆಯಾಗಿತ್ತು. ಹೊಳೆ ಕೆಂಪಗೆ ಹರಿಯುತ್ತಿತ್ತು, ಆದರೆ ಇನ್ನೂ ತನ್ನ ಪಾಡಿಗೆ ತಾನಿತ್ತು. ಅಪ್ಪ ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ, ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡರು.

ಸಂಜೆ ನಾಲ್ಕು ಗಂಟೆಗೆ ಬಸ್ಸಿಳಿದು ಊರೊಳಗೆ ಬಂದೆವು. ಬಿದಿರು ಮೆಳೆಯ ತಿರುವು ದಾಟಿದರೆ ನಮ್ಮ ಮನೆ ಕಾಣಬೇಕು. ದಾಟಿದೆವು. ಕಾಣಲಿಲ್ಲ. ದಾರಿ ತಪ್ಪಿತೆಂದು ಒಂದು ಕ್ಷಣ ಅಂದುಕೊಂಡೆ. ಹೊಳೆ ಭೋರ್ಗರೆಯುತ್ತ ನಮ್ಮ ಹಿತ್ತಿಲನ್ನೆಲ್ಲ ನುಂಗಿತ್ತು. ಮನೆಯಿದ್ದ ಜಾಗದಲ್ಲಿ ಕಂಬ ನಿಲ್ಲಿಸಿದ್ದ ಕಲ್ಲುಗಳಲ್ಲಿ ಐದು ಉಳಿದಿದ್ದವು, ನಡುವೆ ಗುಡಿಸಿದಂತಿದ್ದ ಬರಿ ನೆಲ. ಆರನೆಯ ಕಲ್ಲು ನೀರುಪಾಲಾಗಿತ್ತು.

ಅಮ್ಮ ಕೈಚೀಲ ಬಿಟ್ಟು ಅಲ್ಲೇ ಕೂತುಬಿಟ್ಟಳು. ಅಕ್ಕ "ನನ್ನ ಟ್ರಂಕು" ಎನ್ನುತ್ತ ಮಂಚವಿದ್ದ ಜಾಗಕ್ಕೆ ಓಡಿದಳು. ಅಪ್ಪ ಮಾತ್ರ ನೆಲವನ್ನೇ ದಿಟ್ಟಿಸಿ ನೋಡುತ್ತಿದ್ದರು. ಲೆಕ್ಕಾಚಾರದ ಮನುಷ್ಯ ನೋಡಿ, ಅಂಥ ಹೊತ್ತಿನಲ್ಲೂ ತರ್ಕ.

"ಇದು ಹೊಳೆ ಕೆಲಸ ಅಲ್ಲ ಕಣೇ" ಎಂದರು ಅಮ್ಮನಿಗೆ. "ಒಲೆ ಎಲ್ಲಿ? ಒಲೆಯ ಮೂರು ಕಲ್ಲೂ ಇಲ್ಲ. ನೀರು ಬಂದಿದ್ರೆ ಒಲೆ ಕಲ್ಲು ಮಾತ್ರ ಆರಿಸಿಕೊಂಡು ಹೋಗುತ್ತಾ? ನೆಲ ನೋಡು, ಒಣಗೇ ಇದೆ. ಕದ್ದಿದ್ದಾರೆ. ಇಡೀ ಮನೆಯನ್ನೇ ಕದ್ದಿದ್ದಾರೆ!"

ಹಾಗೆಂದವರೇ ಪಂಚೆ ಎತ್ತಿ ಕಟ್ಟಿ ಊರೊಳಗೆ ಓಡಿದರು. ನಾನು ಅವರ ಹಿಂದೆ. ಒಂದು ಮನೆಯಲ್ಲೂ ಜನವಿಲ್ಲ. ಬಾಗಿಲುಗಳು ಸುಮ್ಮನೆ ಎಳೆದಿವೆ, ಅಂಗಳದಲ್ಲಿ ಕೋಳಿಗಳು ಮಾತ್ರ ಕೆದಕುತ್ತಿವೆ. ಇದನ್ನು ಕಂಡು ಅಪ್ಪನ ಅನುಮಾನ ಇನ್ನೂ ಬಲವಾಯಿತು. ಊರಿಗೆ ಊರೇ ಸೇರಿ ಕದ್ದು ಪರಾರಿಯಾಗಿದೆ ಎಂದುಕೊಂಡರೋ ಏನೋ, ಗಂಟಲು ಹರಿಯುವಂತೆ "ಮಾಲಿಂಗ್! ಮಾಲಿಂಗ್!" ಎಂದು ಕೂಗತೊಡಗಿದರು.

ಕೂಗುತ್ತಲೇ ಮುಖ್ಯಸ್ಥರ ತೆಂಗಿನ ತೋಟದ ತಿರುವಿಗೆ ಬಂದೆವು. ಅಲ್ಲಿ ನಲವತ್ತಕ್ಕೂ ಹೆಚ್ಚು ಜನ ನೆಲದ ಮೇಲೆ ಕುಳಿತಿದ್ದರು. ಮೊಣಕಾಲಿನವರೆಗೆ ಕೆಸರು, ಭುಜಗಳೆಲ್ಲ ಕೆಂಪಗೆ ಉಜ್ಜಿಹೋಗಿವೆ, ಕೈಯಲ್ಲಿ ಬೇಯಿಸಿದ ಮರಗೆಣಸು. ಅಪ್ಪನ ಕೂಗು ಕೇಳಿದ್ದೇ ತಡ, ಗೆಣಸು ಬಿಸಾಡಿ ಅಷ್ಟೂ ಜನ ಎದ್ದು ನಿಂತರು. ಒಬ್ಬ ಕೋಲು ಹಿಡಿದ, ಇನ್ನೊಬ್ಬ ಗುದ್ದಲಿ ಎತ್ತಿದ. "ಎಲ್ಲಿ ಕಳ್ಳ? ಯಾವ ಕಡೆ ಓಡಿದ?" ಎಂದು ನಮ್ಮನ್ನೇ ಸುತ್ತುವರಿದು ಕೇಳಿದರು.

ಅಪ್ಪನ ಕಣ್ಣು ಆ ಜನರ ಹಿಂದೆ ನೆಟ್ಟಿತ್ತು. ಅಲ್ಲಿ, ತೆಂಗಿನ ಮರಗಳ ನಡುವೆ, ನಮ್ಮ ಮನೆ ನಿಂತಿತ್ತು. ಅದೇ ತಟ್ಟಿ, ಅದೇ ಮಾಡು. ಬಾಗಿಲಲ್ಲಿ ಅಪ್ಪ ಹಾಕಿದ ಬೀಗ ಹಾಕಿದಂತೆಯೇ ಇತ್ತು.

ನಡೆದದ್ದು ಇಷ್ಟು. ಬೆಳಿಗ್ಗೆ ಹತ್ತರ ಹೊತ್ತಿಗೆ ಹೊಳೆ ಏರಿ ದಂಡೆ ಕುಸಿಯತೊಡಗಿದೆ. ಪಕ್ಕದ ಮನೆಯ ಅಜ್ಜಿ ಓಡಿಹೋಗಿ ಮರದ ತುಂಡು ಬಡಿದಿದ್ದಾರೆ. ಗದ್ದೆ ಬಿಟ್ಟು ಊರೆಲ್ಲ ಬಂದಿದೆ. ಮನೆಗೆ ಬೀಗ, ನಾವು ಊರಲ್ಲಿಲ್ಲ. ಕಂಬಗಳಿಗೆ ಉದ್ದನೆಯ ಬಿದಿರು ಬಿಗಿದು, ಎರಡೂ ಕಡೆ ಭುಜ ಕೊಟ್ಟು, ಕೋಳಿ ಮುಚ್ಚಿದ ಬುಟ್ಟಿಯನ್ನು ಎತ್ತುವ ಹಾಗೆ ಮನೆಯನ್ನೇ ಮೇಲಕ್ಕೆತ್ತಿಬಿಟ್ಟಿದ್ದಾರೆ! ಮನೆ ಮುಂದಕ್ಕೆ ನಡೆದಿದೆ, ಹಗ್ಗದ ಮೇಲಿದ್ದ ಅಮ್ಮನ ಸೀರೆಯೂ ಅದರ ಜೊತೆಗೇ ತೂಗಾಡುತ್ತ ಹೋಗಿದೆ. ಮಂಚ, ಪಾತ್ರೆ, ಟ್ರಂಕು ಎಲ್ಲ ಬಯಲಲ್ಲಿ ಉಳಿದಿವೆ. ಆಮೇಲೆ ಹೆಂಗಸರು, ಮಕ್ಕಳು ಅವನ್ನು ಒಂದೊಂದಾಗಿ ಹೊತ್ತು ತಂದು, ಹೊಸ ಜಾಗದಲ್ಲಿ ಮೊದಲಿದ್ದಂತೆಯೇ ಜೋಡಿಸಿದ್ದಾರೆ. ಕೊನೆಗೆ ಮನೆಯನ್ನು ತಂದು ಅವುಗಳ ಮೇಲೆ ಇಳಿಸಿದ್ದಾರೆ.

ಅಷ್ಟರಲ್ಲಿ ಅಮ್ಮ, ಅಕ್ಕ ಬಂದರು. ಅಪ್ಪ ಬೀಗ ತೆಗೆದರು. ಅಕ್ಕ ಎಲ್ಲರನ್ನೂ ತಳ್ಳಿಕೊಂಡು ಒಳಗೆ ನುಗ್ಗಿ ಮಂಚದ ಕೆಳಗೆ ಬಗ್ಗಿದಳು. ಟ್ರಂಕು ಅಲ್ಲೇ ಇತ್ತು, ಒಂದು ಹನಿ ನೀರೂ ಸೋಕಿರಲಿಲ್ಲ. ಅದನ್ನು ತಬ್ಬಿಕೊಂಡು ಜೋರಾಗಿ ಅತ್ತಳು. ಒಲೆ ಇದ್ದ ಮೂಲೆಯಲ್ಲೇ ಒಲೆ. ಉಪ್ಪಿನ ಜಾಡಿಯ ಎಡಕ್ಕೆ ಹುಣಸೆಹಣ್ಣು, ಬಲಕ್ಕೆ ಮೆಣಸಿನಪುಡಿ, ಅಮ್ಮ ಇಟ್ಟ ಹಾಗೆಯೇ. ನಾನು ಕದ್ದು ನನ್ನ ಚಾಪೆಯ ಕೆಳಗೆ ಬಚ್ಚಿಟ್ಟಿದ್ದ ತಾಳೆಬೆಲ್ಲದ ತುಂಡನ್ನೂ ಚಾಪೆಯ ಕೆಳಗೇ ಬಚ್ಚಿಟ್ಟಿದ್ದರು! ದೇವರ ಪಟಗಳನ್ನು ತಂದವರು ಊರಿನ ಮಸೀದಿಯ ಮುದುಕರೊಬ್ಬರು. ಕೈಕಾಲು ತೊಳೆದು, ತಲೆಯ ಮೇಲಿಟ್ಟುಕೊಂಡು ತಂದಿದ್ದರಂತೆ. "ಸೂರ್ಯ ಹುಟ್ಟೋ ಕಡೆಗೇ ಮುಖ ಮಾಡಿ ಇಟ್ಟಿದ್ದೀನಿ. ಸರಿಯಾಗಿದೆಯಾ, ನೋಡಮ್ಮ" ಎಂದು ಅಮ್ಮನನ್ನು ಕೇಳಿದರು. ಅಮ್ಮ ತಲೆಯಾಡಿಸಿದಳು.

ಹೊರಗೆ ಕೆಲವರು ಇನ್ನೂ ಕೋಲು ಹಿಡಿದೇ ನಿಂತಿದ್ದರು. ಅಪ್ಪ ಎರಡೂ ಕೈ ಮುಗಿದರು. "ಕಳ್ಳ ಯಾರೂ ಇಲ್ಲ. ನಾನು ನಿಮ್ಮನ್ನೇ ಕಳ್ಳರು ಅಂದುಕೊಂಡೆ. ದೊಡ್ಡ ತಪ್ಪಾಯ್ತು" ಎಂದರು. ಅವರು ಅಷ್ಟು ಜನರ ಮುಂದೆ ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಪಕ್ಕದ ಮನೆಯ ಅಜ್ಜಿಗೆ ನಗು ತಡೆಯಲಾಗಲಿಲ್ಲ. ಅವರು ನಕ್ಕಿದ್ದೇ ತಡ, ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ಒಂದು ಏಟಿಗೆ ಬೀಗ ಒಡೆದು ಸಾಮಾನು ತೆಗೀಬಹುದಿತ್ತಲ್ಲ?" ಎಂದು ಅಪ್ಪ ಕೇಳಿದರು. ಮುಖ್ಯಸ್ಥರಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಬೀಗ ನಿಮ್ಮದು. ನಿಮ್ಮನ್ನ ಕೇಳದೆ ಒಡೆಯೋದು ಹ್ಯಾಗೆ? ಮನೆ ಎತ್ತೋದಾದ್ರೆ ನಮಗೆ ಗೊತ್ತಿರೋ ಕೆಲಸ" ಎಂದರು. ಅಪ್ಪ ಬಿಡಲಿಲ್ಲ. "ನಾವು ನಿಮ್ಮೂರಿನವರೂ ಅಲ್ಲ. ಒಂದು ಹಿಡಿ ಅಕ್ಕಿ ಕೂಡ ಕೊಟ್ಟವರಲ್ಲ" ಎಂದರು. ಅದಕ್ಕೆ ಮುಖ್ಯಸ್ಥರು, "ಇಲ್ಲಿ ಒಲೆ ಹಚ್ಚಿದ್ದೀರಲ್ಲ?" ಎಂದರು. ಅವರ ಮಟ್ಟಿಗೆ ಮಾತು ಅಲ್ಲಿಗೆ ಮುಗಿದಿತ್ತು.

ಆ ಸಂಜೆ ಅಮ್ಮ ಮನೆಯಲ್ಲಿದ್ದ ರವೆಯನ್ನೆಲ್ಲ ಹುರಿದು ಊರಿಗೆಲ್ಲ ಕೇಸರಿಬಾತು ಮಾಡಿ ಬಡಿಸಿದಳು. ಅಪ್ಪ ಅಟ್ಟದಿಂದ ಬಿದಿರ ಕೊಳವೆಯನ್ನು ತಾವೇ ತೆಗೆದು, ದೂಳು ಊದಿ, ಬಾಗಿಲ ಪಕ್ಕ ನೇತುಹಾಕಿದರು. ಎಂಟು ದಿನಕ್ಕೆ ಅಕ್ಕ ಹಡಗು ಹತ್ತಿದಳು. ಅವಳನ್ನು ಕಳಿಸಲು ಪಕ್ಕದ ಮನೆಯ ಅಜ್ಜಿ ಬಸ್ಸಿನವರೆಗೂ ಬಂದು, ನಮಗಿಂತ ಹೆಚ್ಚು ಅತ್ತರು. ಆ ಜನರನ್ನು ನೆನೆದರೆ ಇವತ್ತಿಗೂ ನನ್ನ ಎದೆ ತುಂಬಿ ಬರುತ್ತದೆ.

ನಿಮ್ಮ ಸಿಡ್ನಿ, ಮೆಲ್ಬರ್ನ್ ಕಡಿಮೆಯೆಂದು ನಾನು ಹೇಳುವುದಿಲ್ಲ. ಟೂಂಗಾಬಿಯ ಈ ಮನೆ ಗಟ್ಟಿ ಇಟ್ಟಿಗೆಯದು. ಅದಕ್ಕೆ ಮಾರ್ಟ್‌ಗೇಜ್ ಇದೆ, ಇನ್ಶೂರೆನ್ಸ್ ಇದೆ, ಬಾಗಿಲಿಗೆ ಇನ್ನೊಂದು ಕಬ್ಬಿಣದ ಬಾಗಿಲಿದೆ. ಫೋನಿನಲ್ಲಿ ಮೂರು ಸೊನ್ನೆ ಒತ್ತಿದರೆ ಗಂಟೆ ಬಾರಿಸುತ್ತ ಬೆಂಕಿ ಆರಿಸುವ ಕೆಂಪು ಬಂಡಿ ಬರುತ್ತದೆ. ಇದೂ ಜನ ಸೇರಿ ಮಾಡಿಕೊಂಡ ಕಾವಲೇ. ಆದರೆ ಮೊನ್ನೆ ಎದುರು ಮನೆಯ ಅಲಾರಂ ಮಧ್ಯಾಹ್ನವೆಲ್ಲ ಬಡಿದುಕೊಂಡಾಗ ನಿಮ್ಮ ತಾತ ಏನು ಮಾಡಿದ ಗೊತ್ತೇ? ಎದ್ದು ಕಿಟಕಿ ಮುಚ್ಚಿ, ಪೇಪರ್ ಓದುತ್ತ ಕೂತ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ನಿನ್ನೆ ಈ ಕಥೆಯನ್ನು ಮತ್ತೆ ಹೇಳಿದಾಗ ಮೊಮ್ಮಗಳು ನಗಲಿಲ್ಲ. "ತಾತ, ನಮ್ ಹೌಸ್ ಲಿಫ್ಟ್ ಮಾಡಕ್ಕೆ ಎಷ್ಟು ಪೀಪಲ್ ಬರ್ತಾರೆ?" ಎಂದು ಕೇಳಿ, ತಾನೇ ಬೆರಳು ಮಡಿಸಿ ಎಣಿಸತೊಡಗಿದಳು. ಎಡಗಡೆಯ ಮನೆಯ ಲೆಬನಾನಿನ ಆಂಟಿ. ಅವರ ಮಗ. ನಾಯಿ ಕರೆದುಕೊಂಡು ಹೋಗುವ ಮುದುಕ. ಮೂರಕ್ಕೆ ಬೆರಳು ನಿಂತುಹೋಯಿತು. "ಓನ್ಲಿ ತ್ರೀ" ಎಂದು ಮುಖ ಸಣ್ಣದು ಮಾಡಿಕೊಂಡು ನನ್ನನ್ನು ನೋಡಿದಳು.

ಮೂರು ಕಡಿಮೆಯೇನಲ್ಲ ಮಗೂ. ಆ ದಿನ ಬೆಳಿಗ್ಗೆ ಬಸ್ಸಿನಲ್ಲಿ ಕೂತಿದ್ದ ನನ್ನ ಅಪ್ಪನನ್ನು ಯಾರಾದರೂ ಇದೇ ಪ್ರಶ್ನೆ ಕೇಳಿದ್ದರೆ, ಅವರು ಒಂದು ಬೆರಳನ್ನೂ ಮಡಿಸುತ್ತಿರಲಿಲ್ಲ.