ಅವಳು ಬರೆಯದ ಮಾತು

ಒಬ್ಬ ವಿದ್ಯಾರ್ಥಿನಿಯ ಟೆಸ್ಟ್ ಪೇಪರ್ ಓದಿ ಜನರನ್ನು ನಗಿಸಿ ನಾನು ಹಲವು ವರ್ಷ ಹೆಸರು ಮಾಡಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಡುದಾರಿಯಲ್ಲಿ ಜಾರಿಕೊಂಡುಬಿಟ್ಟೇನು. ಆ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ.

ಆಗ ನಾನು ಸುರಪುರದ ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದೆ. ಕಾಲುವೆಗೆ ನೀರು ಬಿಟ್ಟರೆಂದರೆ ಹುಣಸಗಿ ಕಡೆಯಿಂದ ಬಸ್ಸಿಗೆ ಬರುವ ಹುಡುಗ ಹುಡುಗಿಯರು ಅರ್ಧಕ್ಕರ್ಧ ಕಡಿಮೆಯಾಗುತ್ತಿದ್ದರು. ಎಲ್ಲರೂ ಭತ್ತದ ನಾಟಿಗೆ ಹೋಗಿರುತ್ತಿದ್ದರು. ಖಾಲಿ ಬೆಂಚು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಂಥದೇ ಸಿಟ್ಟಿನಲ್ಲಿ ಒಂದು ಟೆಸ್ಟ್ ಇಟ್ಟೆ. ನೀರಾವರಿಯಿಂದ ಕೃಷಿ ಕಾರ್ಮಿಕರ ಜೀವನದ ಮೇಲಾದ ಪರಿಣಾಮಗಳನ್ನು ವಿವರಿಸಿ, ಹತ್ತು ಅಂಕ. ಉಳಿದವರೆಲ್ಲ ನನ್ನ ನೋಟ್ಸನ್ನೇ ನನಗೆ ತಿರುಗಿ ಒಪ್ಪಿಸಿದ್ದರು. ಕೊನೆಯ ಬೆಂಚಿನ ಒಬ್ಬ ಹುಡುಗಿ ಮಾತ್ರ ಹೀಗೆ ಬರೆದಿದ್ದಳು:

"ಕಾಲುವಿ ಬಂದ ಮ್ಯಾಲ ನಮ್ಮ ಮನ್ಯಾಗ ಚಲೋನೂ ಆಗ್ಯಾದ, ಕೆಟ್ಟೂ ಆಗ್ಯಾದ. ಮೊದಲ ಬ್ಯಾಸಿಗ್ಯಾಗ ಕೆಲಸ ಇರ್ತಿದ್ದಿಲ್ಲ, ಪುಣಾಕ ದುಡ್ಯಾಕ ಹೋಗ್ತಿದ್ವಿ. ಈಗ ಹೋಗಂಗಿಲ್ಲ, ಅದಕ ನಾ ಕಾಲೇಜಿಗಿ ಬರಾಕತ್ತೀನಿ. ಮೊದಲ ನಮ್ಮವ್ವಗ ಕೂಲಿ ಜ್ವಾಳ ಕೊಡ್ತಿದ್ರು. ಈಗ ರೊಕ್ಕ ಕೊಡ್ತಾರ, ಜ್ವಾಳ ಅಂಗಡ್ಯಾಗ ಕೊಂಡು ತರ್ತೀವಿ. ಮೊದಲ ಹೊಲದಾಗ ಕುಂತು ಕಸ ತೆಗಿತಿದ್ಲು, ಈಗ ದಿನಾಲೂ ಬಗ್ಗಿ ನೆಲ್ಲು ಹಚ್ತಾಳ. ಸಂಜಿಕ ಮನಿಗಿ ಬಂದ ಮ್ಯಾಲ ನೆಟ್ಟಗ ನಿಂದ್ರಾಕ ಅಕೀಗಿ ಸ್ವಲ್ಪ ಹೊತ್ತು ಬೇಕು."

ಇಷ್ಟೇ. ನಾನು ಎರಡು ಅಂಕ ಕೊಟ್ಟು, ಕೆಂಪು ಪೆನ್ನಿನಲ್ಲಿ "ಮನೆಯ ಪುರಾಣ ಬೇಡ, ಉತ್ತರ ಬರೆಯಿರಿ" ಎಂದು ಷರಾ ಹಾಕಿದೆ. ಪೇಪರುಗಳನ್ನು ಹುಡುಗರಿಗೆ ತೋರಿಸಿ ವಾಪಸ್ ಇಸಿದುಕೊಂಡೆ.

ಆ ವರ್ಷವೇ ನನ್ನನ್ನು ಮೂರು ವಾರದ ರಿಫ್ರೆಶರ್ ಕೋರ್ಸಿಗೆ ಕಳಿಸಿದರು. ಡಿಗ್ರಿ ಕಾಲೇಜಿನ ಮೇಷ್ಟ್ರುಗಳಿಗೆ ಬಡ್ತಿ ಬೇಕೆಂದರೆ ಇಂಥ ಕೋರ್ಸುಗಳ ಸರ್ಟಿಫಿಕೇಟ್ ಬೇಕು. ಜ್ಞಾನ ಬಂದರೆ ಬೋನಸ್. ನಮ್ಮ ತಂಡದಲ್ಲಿ ಮೈಸೂರು, ತುಮಕೂರು ಕಡೆಯವರೇ ಹೆಚ್ಚು. ಮೊದಲ ದಿನ ಪರಿಚಯ ಮಾಡಿಕೊಂಡು ಕುಳಿತಾಗ ಪಕ್ಕದವರು ಬಲು ವಿನಯದಿಂದ, "ತಪ್ಪು ತಿಳ್ಕೋಬೇಡಿ ಸಾರ್, ನೀವು ಮಾತಾಡಿದ್ರೆ ಯಾರ ಮೇಲೋ ಜಗಳಕ್ಕೆ ಹೊರಟಂಗಿರುತ್ತೆ" ಎಂದರು. ಸುತ್ತಲಿನವರು ನಕ್ಕರು. ನಾನೂ ಹಲ್ಲು ಕಿರಿದೆ. ನಾನು ಊಟಕ್ಕೆ ಕರೆದರೂ ನಗು, ಪೆನ್ನು ಕೇಳಿದರೂ ನಗು. ಒಂದು ವಾರ ಕಳೆಯುವಷ್ಟರಲ್ಲಿ ನಾನು ಬಾಯಿ ಬಿಡುವುದನ್ನೇ ಕಡಿಮೆ ಮಾಡಿದ್ದೆ.

ಎರಡನೆಯ ವಾರ ಮೌಲ್ಯಮಾಪನದ ಮೇಲೆ ಎಲ್ಲರೂ ಹತ್ತು ಹತ್ತು ನಿಮಿಷ ಮಾತಾಡಬೇಕಿತ್ತು. ತಿದ್ದಿದ ಪೇಪರುಗಳು ಬ್ಯಾಗಿನಲ್ಲಿದ್ದವು. ಅವಳದನ್ನು ಹೊರಗೆ ತೆಗೆದೆ. ತಪ್ಪು ಉತ್ತರಕ್ಕೆ ಒಂದು ಉದಾಹರಣೆ ಎಂದು ಪೀಠಿಕೆ ಹಾಕಿ, ರಾಗ ಎಳೆದು, ಸೊಂಟಕ್ಕೆ ಕೈ ಕೊಟ್ಟು ಓದಿದೆ. ಸಭೆ ಬಿದ್ದು ಬಿದ್ದು ನಕ್ಕಿತು. ಆ ದನಿ ನನಗೆ ಅಷ್ಟು ಸಲೀಸಾಗಿ ಬಂದದ್ದಕ್ಕೆ ಕಾರಣ ಬೇರೆ ಹುಡುಕಬೇಕಿಲ್ಲ. ನಮ್ಮೂರು ಶಿರವಾಳದಲ್ಲಿ ನಮ್ಮವ್ವ ಮಾತಾಡುವುದೇ ಹಾಗೆ. ನನ್ನ ಮೇಲೆ ಬೀಳುತ್ತಿದ್ದ ನಗೆಯನ್ನು ನಾನು ಎತ್ತಿ ಆ ಹುಡುಗಿಯ ತಲೆಯ ಮೇಲೆ ಹಾಕಿದೆ. ಅಂದಿನಿಂದ ಊಟದ ಸಾಲಿನಲ್ಲಿ ನನಗೆ ಜಾಗ ಹಿಡಿಯುವವರು ಸಿಕ್ಕರು.

ಓದು ಮುಗಿಯುವಾಗ ಕೊನೆಯ ವಾಕ್ಯಕ್ಕೆ ನಗು ಸ್ವಲ್ಪ ಇಳಿದಿತ್ತು. ನೆಟ್ಟಗೆ ನಿಲ್ಲಲು ಹೊತ್ತು ಬೇಕು ಎಂಬುದಕ್ಕೆ ನಗುವುದಾದರೂ ಹೇಗೆ? ನಾನು ತಡ ಮಾಡದೆ ಪೇಪರಿನ ಮೇಲೆ ಕಣ್ಣಿಟ್ಟೇ, ಸೊಂಟ ಹಿಡಿದುಕೊಂಡು ಇನ್ನೊಂದು ಸಾಲು ಹೊಸೆದೆ: "ಅದಕ ಸರ್, ನಮ್ಮವ್ವನ ನಡಾ ನೋಡಿ ನನಗ ಪಾಸ್ ಮಾಡ್ರಿ." ಚಪ್ಪಾಳೆಯೇ ಬಿತ್ತು.

ಮುಂದೆ ನಾನು ಯಾದಗಿರಿಗೆ ವರ್ಗವಾದೆ. ಕಾರ್ಯಾಗಾರಗಳಲ್ಲಿ ಕುರ್ಚಿ ತುಂಬುತ್ತಿದ್ದವನು ಸಂಪನ್ಮೂಲ ವ್ಯಕ್ತಿಯಾದೆ. ಅಂದರೆ ಶಾಲು, ಹಾರ, ಹೋಗಿಬರುವ ಖರ್ಚು ಮತ್ತು ಮೈಕು. ಮೌಲ್ಯಮಾಪನ ಎಂಬ ವಿಷಯ ಎಲ್ಲಿದ್ದರೂ ಕರೆ ನನಗೇ. ಆ ಪೇಪರಿನ ಜೆರಾಕ್ಸ್ ಫೈಲಿನಲ್ಲಿ ಸದಾ ಇರುತ್ತಿತ್ತು. ನಮ್ಮ ಕಡೆಯ ಮೇಷ್ಟ್ರುಗಳೂ ನಗುತ್ತಿದ್ದರು. ತಮ್ಮ ಮನೆಯಲ್ಲಿ ಅದೇ ಮಾತಾಡಿ ಬಂದವರೇ ಹೆಚ್ಚು ನಗುತ್ತಿದ್ದರು. ಆ ಕೊನೆಯ ಸಾಲನ್ನು ನಾನು ಎಷ್ಟು ಸಲ ಹೇಳಿದೆನೆಂದರೆ, ಅದು ಹಾಳೆಯಲ್ಲಿ ಇಲ್ಲ ಎಂಬುದೇ ನನಗೆ ಮರೆತುಹೋಗಿತ್ತು.

ಹೀಗೇ ಹಲವು ವರ್ಷಗಳ ಮೇಲೆ ಶಹಾಪುರದಲ್ಲಿ ನಡೆದ ಒಂದು ಕಾರ್ಯಾಗಾರಕ್ಕೆ ಬಹಳ ಜನ ಕಾಯಂ ಉಪನ್ಯಾಸಕರು ಬರಲಿಲ್ಲ. ಬಡ್ತಿ ಆದವರಿಗೆ ಸರ್ಟಿಫಿಕೇಟ್ ಯಾತಕ್ಕೆ? ಕುರ್ಚಿ ಖಾಲಿ ಕಾಣಬಾರದೆಂದು ಸಂಚಾಲಕರು ಸುತ್ತಲಿನ ಕಾಲೇಜುಗಳ ಅತಿಥಿ ಉಪನ್ಯಾಸಕರನ್ನು ಕರೆಸಿದ್ದರು. ತಾತ್ಕಾಲಿಕ ನೌಕರಿಯವರು, ಬಾ ಎಂದರೆ ಬರಲೇಬೇಕು. ನಾನು ಎಂದಿನಂತೆ ಓದಿದೆ, ಅವರು ಎಂದಿನಂತೆ ನಕ್ಕರು.

ಊಟದ ಹೊತ್ತಿಗೆ ಆ ಅತಿಥಿ ಉಪನ್ಯಾಸಕರಲ್ಲೇ ಒಬ್ಬ ಹೆಣ್ಣುಮಗಳು ತಟ್ಟೆ ಹಿಡಿದುಕೊಂಡು ಹತ್ತಿರ ಬಂದರು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಕೊರಳಿಗೆ ಕಾರ್ಯಾಗಾರದ ಬ್ಯಾಡ್ಜು.

"ನಮಸ್ಕಾರ್ರಿ ಸರ್. ನನ್ನ ಗುರ್ತು ಸಿಗಲಿಲ್ಲೇನ್ರಿ? ಸುರಪುರದಾಗ ನಿಮ್ಮ ಕ್ಲಾಸಿನಾಗ ಇದ್ದೆನ್ರಿ. ಈಗ ಓದಿದ್ರಲ್ರಿ, ಅದು ನನ್ನ ಪೇಪರ್ರಿ."

ನನ್ನ ಬಾಯಿಂದ ಬಂದ ಮೊದಲ ಮಾತು, "ನಾ ಯಾರ ಹೆಸರೂ ಹೇಳಿಲ್ಲವಾ." ನನ್ನನ್ನು ಯಾರೂ ಇನ್ನೂ ಏನೂ ಅಂದಿರಲಿಲ್ಲ.

"ಛೇ, ಅದಕೇನ್ರಿ ಸರ್," ಎಂದಳು. "ನಿಮಗ ಥ್ಯಾಂಕ್ಸ್ ಹೇಳಬೇಕಂತ ಬಂದೀನ್ರಿ. ಅವತ್ತು ಮನಿ ಪುರಾಣ ಬ್ಯಾಡ ಅಂತ ಬರದ್ರಲ್ರಿ, ಅವತ್ತಿಂದ ನೋಟ್ಸ್ ಬಾಯಿಪಾಠ ಮಾಡಾಕ ಕಲ್ತೆ. ಹಂಗಾಗಿ ಎಂ.ಎ. ಪಾಸಾದೆ. ನಮ್ಮ ಹುಡುಗೂರಿಗೂ ಅದನ್ನ ಹೇಳ್ತೀನ್ರಿ, ನಿಮ್ಮ ಮನಿ ಮಾತು ಮನ್ಯಾಗ ಇಟ್ಟು ಬರ್ರಿ ಅಂತ."

ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನಾನೂ ಸಿಟ್ಟಾಗಿ ಪಾರಾಗಬಹುದಿತ್ತು. ನನ್ನ ಮೂವತ್ತು ಪುಟದ ನೋಟ್ಸಿನಲ್ಲಿ ಇಲ್ಲದ್ದನ್ನು ಅವಳು ಏಳೆಂಟು ಸಾಲಿನಲ್ಲಿ ಬರೆದಿದ್ದಳು. ಕೂಲಿ ಕಾಳಿನಿಂದ ಹಣಕ್ಕೆ ತಿರುಗಿದ್ದು, ಗುಳೆ ನಿಂತದ್ದು, ಹೆಂಗಸರ ದುಡಿಮೆಯ ಭಂಗಿಯೇ ಬದಲಾದದ್ದು. ಅದನ್ನೆಲ್ಲ ಇನ್ನು ಬರೆಯಬೇಡ ಎಂದು ಕಲಿಸಿದವನು ನಾನು. ಅವಳು ಅದನ್ನೇ ಶ್ರದ್ಧೆಯಿಂದ ಕಲಿತು ಈಗ ಬೇರೆ ಹುಡುಗರಿಗೆ ಕಲಿಸುತ್ತಿದ್ದಾಳೆ.

ಹೊರಟವಳು ತಿರುಗಿ ನಿಂತಳು. ತಟ್ಟೆಯೊಳಗಿನ ಅನ್ನವನ್ನು ಸುಮ್ಮನೆ ಕಲಸುತ್ತ, ದನಿ ತಗ್ಗಿಸಿ ಹೇಳಿದಳು.

"ಒಂದು ಮಾತ್ರಿ ಸರ್. ಕಡೀಗಿ ಪಾಸ್ ಮಾಡ್ರಿ ಅಂತ ಬರ್ತದಲ್ರಿ, ಅದು ನಾ ಬರದಿದ್ದಿಲ್ರಿ. ನಮ್ಮವ್ವನ ನಡಾ ತೋರಿಸಿ ನಾ ಯಾರಿಗೂ ಏನೂ ಬೇಡಿಲ್ರಿ."

"ಹೌದವಾ, ನಾನ ಹಾಕಿದ್ದದು," ಎಂದೆ. ಅಷ್ಟು ಹೇಳುವ ಮರ್ಯಾದೆಯಾದರೂ ಉಳಿದಿತ್ತು.

"ಅಷ್ಟ ಸಾಕ್ರಿ. ಇನ್ನೊಮ್ಮಿ ಓದುವಾಗ ಅದೊಂದು ಬಿಟ್ಟುಬಿಡ್ರಿ," ಎಂದು ಹೋಗಿ ತನ್ನ ಜೊತೆಯವರ ಪಕ್ಕ ಕುಳಿತಳು. ಬಿಡುತ್ತೇನೆ ಎಂದು ನಾನು ತಲೆಯಾಡಿಸಿದ್ದೆ.

ಇನ್ನೊಮ್ಮೆ ಓದುವ ಪ್ರಸಂಗ ಅಂದೇ ಬಂತು. ಸಮಾರೋಪಕ್ಕೆ ಪ್ರಿನ್ಸಿಪಾಲರು ತಡವಾಗಿ ಬಂದರು. ಸಂಚಾಲಕರು ಮೈಕು ಹಿಡಿದು, "ಸಾಹೇಬ್ರು ಅದನ್ನ ಕೇಳಿಲ್ರಿ, ಒಮ್ಮಿ ಓದಿಬಿಡ್ರಿ ಸರ್" ಎಂದರು. ಬೇಡವೆಂದೆ, ಬಿಡಲಿಲ್ಲ. ಎದ್ದು ನಿಂತು, ರಾಗವಿಲ್ಲದೆ, ಹಾಳೆಯಲ್ಲಿ ಇದ್ದಷ್ಟನ್ನೇ ಓದಿದೆ. ಯಾರೂ ನಗಲಿಲ್ಲ. ಪ್ರಿನ್ಸಿಪಾಲರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ಕೇಳುತ್ತಿದ್ದರು. ಮೂರನೆಯ ಸಾಲಿನಲ್ಲಿ ಅವಳು ತಲೆ ಎತ್ತಿ ಕುಳಿತಿದ್ದಳು. "ನೆಟ್ಟಗ ನಿಂದ್ರಾಕ ಅಕೀಗಿ ಸ್ವಲ್ಪ ಹೊತ್ತು ಬೇಕು" ಎಂದು ಮುಗಿಸಿ ಹಾಳೆ ಮಡಚಿದೆ.

ಹಿಂದಿನಿಂದ ಒಬ್ಬರು ಕೂಗಿದರು. "ಸರ್, ಮೇನ್ ಡೈಲಾಗನ್ನ ಬಿಟ್ರಲ್ರಿ!" ಕೂಗಿ ಸುಮ್ಮನಾಗಲಿಲ್ಲ. ಎದ್ದು ನಿಂತು, ಸೊಂಟಕ್ಕೆ ಕೈ ಕೊಟ್ಟು, ನನ್ನದೇ ರಾಗದಲ್ಲಿ ಪಾಸ್ ಮಾಡ್ರಿ ಎಂದು ತಾವೇ ಹೇಳಿದರು. ಇಡೀ ಕೋಣೆ ನಕ್ಕಿತು. ಪ್ರಿನ್ಸಿಪಾಲರೂ ನಕ್ಕು ಕನ್ನಡಕ ಹಾಕಿಕೊಂಡರು.

ಅದು ಆ ಹುಡುಗಿಯ ಮಾತಲ್ಲ, ನಾನು ಸೇರಿಸಿದ ಸುಳ್ಳು ಎಂದು ಹೇಳಲು ಒಂದು ನಿಮಿಷವೂ ಬೇಕಿರಲಿಲ್ಲ. ಮೈಕು ಕೈಯಲ್ಲೇ ಇತ್ತು. ಕೊರಳಲ್ಲಿ ಹಾರವಿತ್ತು, ಎದುರಿಗೆ ಪ್ರಿನ್ಸಿಪಾಲರಿದ್ದರು. ನಾನು ನಕ್ಕೆ. ನಕ್ಕು, "ಹೌದಲ್ರಿ, ಅದೊಂದು ಮರತಿದ್ದೆ ನೋಡ್ರಿ" ಎಂದೆ.

ಆಗ ಮೂರನೆಯ ಸಾಲಿನ ಕಡೆ ನೋಡಿದೆ. ಅಕ್ಕಪಕ್ಕದವರೆಲ್ಲ ನಗುತ್ತಿದ್ದರು. ಆ ಪೇಪರು ತನ್ನದೆಂಬ ಅನುಮಾನ ಅವರಿಗೆ ಬರಬಾರದೆಂದು ಅವಳೂ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು.